ಅಕ್ವೇರಿಯಂನ ಫ್ರೇಮ್ ಮತ್ತು ನಡುವಿನ ಅಡ್ಡಪಟ್ಟಿಯನ್ನು ತೆಗೆದುಹಾಕಿದರೆ ಅಪಾಯವಿದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಕ್ವೇರಿಯಂ 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ ಹಾಗೂ 60 ಸೆಂಟಿಮೀಟರ್ ಎತ್ತರವಿದ್ದು, ಗಾಜು 8 ಮಿಲಿಮೀಟರ್ ದಪ್ಪವಿದೆ. ಮೇಲೂ ಕೆಳಗೂ ಕಪ್ಪು ಪ್ಲಾಸ್ಟಿಕ್ ಫ್ರೇಮ್ ಇದೆ. ಮೇಲಿನ ಫ್ರೇಮ್‌ನ ನಡುವೆ ಮುಂದಿನ ಗಾಜಿನಿಂದ ಹಿಂದಿನ ಗಾಜಿಗೆ ಒಂದು ಅಡ್ಡಪಟ್ಟಿ ಹಾದುಹೋಗಿದೆ. ಈ ಪಟ್ಟಿಯ ನೆರಳು ಸರಿಯಾಗಿ ಗಿಡಗಳ ಮೇಲೆ ಬೀಳುವುದರಿಂದ ಅದನ್ನು ಕತ್ತರಿಸಿ, ಸಾಧ್ಯವಾದರೆ ಎರಡೂ ಫ್ರೇಮ್‌ಗಳನ್ನು ಬಿಡಿಸಿ, ಅಂಚುಗಳು ತೆರೆದಿರುವ ತೊಟ್ಟಿಯನ್ನಾಗಿ ಮಾಡಿಕೊಳ್ಳಬೇಕೆಂದಿದ್ದೇನೆ. ನೀರನ್ನು ಹಿಡಿದಿಡುವುದು ಗಾಜು ಮತ್ತು ಸಿಲಿಕೋನ್ ಎಂದಾದರೆ, ಫ್ರೇಮ್ ಬರಿಯ ಅಲಂಕಾರವಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1

ದಯವಿಟ್ಟು ಆ ಪಟ್ಟಿಯನ್ನು ಕತ್ತರಿಸಬೇಡಿ. ನೀರಿನ ಒತ್ತಡ ಆಳವನ್ನು ಅವಲಂಬಿಸಿದೆಯೇ ಹೊರತು ತೊಟ್ಟಿಯ ಅಗಲವನ್ನಲ್ಲ. ನೀವು ಕೊಟ್ಟ ಅಳತೆಯ ತೊಟ್ಟಿಯನ್ನು ಅಂಚಿನವರೆಗೆ ತುಂಬಿದಾಗ ಮುಂದಿನ ಗಾಜೊಂದರ ಮೇಲೆಯೇ ಸುಮಾರು 2,100 ನ್ಯೂಟನ್, ಅಂದರೆ 215 ಕಿಲೋಗ್ರಾಂ ಭಾರಕ್ಕೆ ಸಮನಾದ ತಳ್ಳುಬಲ ಬೀಳುತ್ತದೆ. ಹಿಂದಿನ ಗಾಜಿನ ಮೇಲೂ ಅಷ್ಟೇ. ತಳದ ಅಂಚು ಮತ್ತು ಎರಡು ಬದಿಯ ಅಂಚುಗಳನ್ನು ಅಕ್ಕಪಕ್ಕದ ಗಾಜುಗಳು ಹಿಡಿದಿರುತ್ತವೆ, ಆದರೆ ಮೇಲಂಚನ್ನು ಹಿಡಿಯಲು ಫ್ರೇಮ್ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಗಾಜು ಹೆಚ್ಚಾಗಿ ಹೊರಕ್ಕೆ ಬಾಗುವುದು ಮೇಲಂಚಿನ ನಡುಭಾಗದಲ್ಲಿ, ಅಡ್ಡಪಟ್ಟಿ ಇರುವುದೂ ಅಲ್ಲಿಯೇ.

ಫ್ರೇಮ್ ಇಲ್ಲದ ತೊಟ್ಟಿಗಳನ್ನು ತಯಾರಿಸುವವರು ಈ ಕೊರತೆಯನ್ನು ಗಾಜಿನ ದಪ್ಪದಿಂದ ತುಂಬುತ್ತಾರೆ. ಗಾಜಿನ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ 12 ಮಿಲಿಮೀಟರ್ ಗಾಜು 8 ಮಿಲಿಮೀಟರ್ ಗಾಜಿಗಿಂತ ಮೂರು ಪಟ್ಟಿಗೂ ಮೀರಿ ಬಿಗಿಯಾಗಿರುತ್ತದೆ. ನಿಮ್ಮ ತೊಟ್ಟಿಯ ಗಾಜನ್ನು ಫ್ರೇಮ್ ಇದ್ದೇ ಇರುತ್ತದೆ ಎಂಬ ಲೆಕ್ಕದಲ್ಲಿ ಆರಿಸಿರುತ್ತಾರೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಇದರ ಜೊತೆಗೆ, ಬಿಡಿಸುವ ಕೆಲಸದಲ್ಲಿಯೇ ಇರುವ ಅಪಾಯವನ್ನೂ ಗಮನಿಸಬೇಕು. ಫ್ರೇಮ್ ಅನ್ನು ಸಿಲಿಕೋನ್‌ನಿಂದ ಅಂಟಿಸಿದ್ದರೆ ಅದರೊಳಗೆ ಬ್ಲೇಡ್ ತೂರಿಸಿ ಕೊಯ್ಯಬೇಕಾಗುತ್ತದೆ, ಮತ್ತು ಮೂಲೆಗಳಲ್ಲಿ ಆ ಬ್ಲೇಡ್ ನೀರನ್ನು ತಡೆಯುವ ಬೆಸುಗೆಗೇ ತಗಲುವ ಸಂಭವವಿದೆ. ಪ್ಲಾಸ್ಟಿಕ್ಕಿನಡಿ ಮರೆಯಾಗುವ ಅಂಚುಗಳನ್ನು ಉಜ್ಜಿ ನಯಗೊಳಿಸದೆ ಬಿಟ್ಟಿರುವುದೂ ಉಂಟು. ಅಲ್ಲಿನ ಸಣ್ಣ ಚಕ್ಕೆಯೊಂದರಿಂದಲೇ ಬಿರುಕು ಹೊರಡಬಹುದು.

ಕೆಳಗಿನ ಫ್ರೇಮ್ ಅನ್ನಂತೂ ಮುಟ್ಟಲೇಬಾರದು. ಇಂಥ ಅನೇಕ ತೊಟ್ಟಿಗಳಲ್ಲಿ ತಳದ ಗಾಜು ಮೇಜಿಗೆ ತಾಗದೆ ಸ್ವಲ್ಪ ಮೇಲೆ ನಿಂತಿರುತ್ತದೆ ಮತ್ತು ಭಾರವೆಲ್ಲ ಫ್ರೇಮ್‌ನ ಸುತ್ತಂಚಿನ ಮೂಲಕ ಇಳಿಯುತ್ತದೆ. ನೀರೇ 324 ಕಿಲೋಗ್ರಾಂವರೆಗೆ ತೂಗುವ ತೊಟ್ಟಿಯಲ್ಲಿ ಫ್ರೇಮ್ ತೆಗೆದು ತಳವನ್ನು ನೇರವಾಗಿ ಮರದ ಮೇಲೆ ಇಟ್ಟರೆ, ಮರದ ಒಂದು ಉಬ್ಬು ಅಥವಾ ಅದರಡಿ ಸಿಕ್ಕಿದ ಒಂದು ಹರಳು ಸಾಕು, ಗಾಜು ಸೀಳುತ್ತದೆ.

ಪ್ರಶ್ನಿಸಿದವರು

ವಿವರಣೆಗೆ ಇಬ್ಬರಿಗೂ ಧನ್ಯವಾದಗಳು. ಕೆಳಗಿನ ಫ್ರೇಮ್ ಅನ್ನು ಹಾಗೆಯೇ ಬಿಡುತ್ತೇನೆ. ಆದರೆ ಅಡ್ಡಪಟ್ಟಿಯನ್ನು ಮಾತ್ರ ತೆಗೆದು, ನೀರು ತುಂಬಿ, ಒಂದು ವಾರ ಅಂಗಳದಲ್ಲಿ ಪರೀಕ್ಷಿಸಿ ನೋಡಿದರೆ ಸಾಲದೇ? ಇಲ್ಲವಾದರೆ ಅದರ ಬದಲು ಅಕ್ರಿಲಿಕ್ ಪಟ್ಟಿಯನ್ನು ಅಂಟಿಸಬಹುದೇ?

ಉತ್ತರ 3

ಒಂದು ವಾರದ ಪರೀಕ್ಷೆಯನ್ನು ನಂಬಿ ತೊಟ್ಟಿಯನ್ನು ಮನೆಯೊಳಗೆ ತರುವುದು ಅತ್ಯಂತ ಅಪಾಯಕರ. ಎಳೆತಕ್ಕೆ ಒಳಗಾದ ಗಾಜಿನ ಮೇಲ್ಮೈಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಿರುಕುಗಳು ತೇವಾಂಶದ ಸಂಪರ್ಕದಲ್ಲಿ ನಿಧಾನವಾಗಿ ಬೆಳೆಯುತ್ತವೆ. ಆದ್ದರಿಂದ ಇಂದು ತಾಳಿಕೊಂಡ ಭಾರಕ್ಕೇ ಗಾಜು ತಿಂಗಳುಗಳ ನಂತರ ಒಡೆಯಬಹುದು. ಬಾಗಿದ ಗಾಜು ಮೂಲೆಗಳ ಸಿಲಿಕೋನ್ ಅನ್ನೂ ಸದಾ ಎಳೆಯುತ್ತಿರುತ್ತದೆ. ಅದು ಹರಿಯುವ ಹೊತ್ತಿನಲ್ಲಿ ನೀವು ಮನೆಯಲ್ಲಿ ಇಲ್ಲದಿದ್ದರೆ ಮೀನುಗಳು ಉಳಿಯುವುದಿಲ್ಲ, ಮತ್ತು ನೀರು ಹೀಟರ್, ಪಂಪುಗಳ ಪ್ಲಗ್ಗಿನವರೆಗೆ ತಲುಪಿದರೆ ಮನುಷ್ಯರ ಜೀವಕ್ಕೂ ಕುತ್ತು. ಚಿಕ್ಕ ಮಕ್ಕಳಿರುವ ಮನೆಯಾದರೆ ಇನ್ನಷ್ಟು ಯೋಚಿಸಬೇಕಾದ ಮಾತು.

ಅಕ್ರಿಲಿಕ್ ಬೇಡ, ಅದಕ್ಕೆ ಸಿಲಿಕೋನ್ ಗಟ್ಟಿಯಾಗಿ ಹಿಡಿಯುವುದಿಲ್ಲ, ತೇವ ಮತ್ತು ದೀಪದ ಶಾಖಕ್ಕೆ ಅದು ಸೊಟ್ಟಗಾಗುತ್ತದೆ. ಪಾರದರ್ಶಕ ಪಟ್ಟಿಯೇ ಬೇಕೆಂದಿದ್ದರೆ, ಮುಂದಿನ ಮತ್ತು ಹಿಂದಿನ ಗಾಜುಗಳ ಒಳಮೈಗೆ ಮೇಲಂಚಿನ ಬಳಿ ಉದ್ದಕ್ಕೂ ಗಾಜಿನ ಪಟ್ಟಿಗಳನ್ನು ಅಂಟಿಸಿ, ಅವುಗಳ ಮೇಲೆ ನಡುವೆ ಗಾಜಿನ ಅಡ್ಡಪಟ್ಟಿಯನ್ನು ಕೂರಿಸುವ ಕ್ರಮವಿದೆ. ಇದನ್ನು ತೊಟ್ಟಿ ಪೂರ್ತಿ ಖಾಲಿಯಿರುವಾಗ, ತೊಟ್ಟಿ ಕಟ್ಟಿ ಅನುಭವವಿರುವವರಿಂದಲೇ ಮಾಡಿಸಬೇಕು. ಗಟ್ಟಿಯಾದ ಹಳೆಯ ಸಿಲಿಕೋನ್ ಮೇಲೆ ಹೊಸದು ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು, ಮತ್ತು ಶಿಲೀಂಧ್ರನಾಶಕ ಬೆರೆಸಿದ ಸ್ನಾನದಮನೆಯ ಸಿಲಿಕೋನ್ ಅನ್ನು ಬಳಸಲೇಬಾರದು, ಅದು ಮೀನುಗಳಿಗೆ ವಿಷ.

ನೆರಳಿನ ತೊಂದರೆಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಒಂದು ಉದ್ದ ದೀಪದ ಬದಲು ಪಟ್ಟಿಯ ಎರಡು ಬದಿಗೂ ಒಂದೊಂದು ಚಿಕ್ಕ ದೀಪವನ್ನು ಇಟ್ಟರೆ ಬೆಳಕು ಎರಡು ಕಡೆಯಿಂದ ಓರೆಯಾಗಿ ಪಟ್ಟಿಯ ಅಡಿಗೂ ತಲುಪುತ್ತದೆ. ಉಳಿದ ಮಬ್ಬಿನ ಜಾಗಕ್ಕೆ ಅನುಬಿಯಾಸ್ ಅಥವಾ ಜಾವಾ ಫರ್ನ್‌ನಂತಹ, ಕಡಿಮೆ ಬೆಳಕಿನಲ್ಲಿ ಬೆಳೆಯುವ ಗಿಡಗಳು ಒಗ್ಗುತ್ತವೆ.

ಉತ್ತರ 1 ಬರೆದವರು

ಈಗಾಗಲೇ ಪಟ್ಟಿಗೆ ಗರಗಸ ತಾಗಿದ್ದರೆ, ಅಥವಾ ಅದರಲ್ಲಿ ಬಿರುಕು ಕಂಡರೆ, ತಡಮಾಡದೆ ನೀರನ್ನು ಅರ್ಧಕ್ಕೆ ಇಳಿಸಿ. ನೀರಿನ ಎತ್ತರ ಅರ್ಧವಾದಾಗ ಗಾಜಿನ ಮೇಲಿನ ಒಟ್ಟು ತಳ್ಳುಬಲ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಪಟ್ಟಿ ದುರಸ್ತಿಯಾಗುವವರೆಗೆ ಮೀನುಗಳನ್ನು ಆ ಮಟ್ಟದ ನೀರಿನಲ್ಲಿಯೇ ಇರಿಸಬಹುದು. ಹೀಟರ್ ನೀರಿನಿಂದ ಹೊರಗೆ ಬಾರದಂತೆ ಮಾತ್ರ ನೋಡಿಕೊಳ್ಳಿ.