ಪದಚರ್ಚೆ: ಆಯುಷ್ಯರೇಖೆ ಅಂದರೆ ಅಂಗೈಯ ಯಾವ ಗೆರೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಂಗೈಯ ಗೆರೆ ನೋಡಿ ಮನುಷ್ಯನ ಸ್ವಭಾವ ಹೇಳಲಾದೀತೇ ಎಂಬ ವಿಷಯದ ಮನಶ್ಶಾಸ್ತ್ರ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಮೂರು ಕಡೆ ಕೈ ನಿಂತಿದೆ. ‘ಲೈಫ್ ಲೈನ್’ಗೆ ಆಯುಷ್ಯರೇಖೆ ಅನ್ನಬಹುದೇ? ಕೆಲವು ಪುಸ್ತಕಗಳಲ್ಲಿ ಅದು ಹೆಬ್ಬೆರಳನ್ನು ಬಳಸಿದ ಗೆರೆ, ಕೆಲವದರಲ್ಲಿ ಬೆರಳುಗಳ ಬುಡದ ಅಡ್ಡಗೆರೆ. ಎರಡನೆಯದು, ‘ಕ್ರೀಸ್’ ಎಂಬುದಕ್ಕೆ ಗೆರೆ, ರೇಖೆ, ಮಡಿಕೆ, ಸುಕ್ಕು ಇವುಗಳಲ್ಲಿ ಯಾವುದು ಸರಿ? ಕೊನೆಯದಾಗಿ, ಡೌನ್ ಸಿಂಡ್ರೋಮ್ ಇರುವ ಅನೇಕ ಮಕ್ಕಳ ಅಂಗೈಯಲ್ಲಿ ಕಾಣುವ ಒಂದೇ ಅಡ್ಡಗೆರೆಗೆ ವೈದ್ಯರು ಹೇಳುವ ‘ಸಿಮಿಯನ್ ಲೈನ್’ ಅನ್ನು ಕಪಿರೇಖೆ ಎಂದು ಬರೆದರೆ ಓದುವ ತಂದೆತಾಯಿಗೆ ನೋವಾಗುವುದಿಲ್ಲವೇ?

ಉತ್ತರ 1

ಮೇಡಂ, ಆಯುಷ್ಯರೇಖೆಯ ವಿಚಾರದಲ್ಲಿ ನೀವು ನೋಡಿದ ಎರಡೂ ಬಗೆಯ ಪುಸ್ತಕಗಳು ಸರಿಯೇ. ಎರಡು ಬೇರೆ ಪರಂಪರೆಗಳು ಒಂದೇ ಹೆಸರನ್ನು ಹಂಚಿಕೊಂಡಿವೆ, ತೊಂದರೆ ಅಷ್ಟೇ.

ಸಂಸ್ಕೃತದ ಸಾಮುದ್ರಿಕದಲ್ಲಿ, ಅಂದರೆ ಮೈಯ ಲಕ್ಷಣ ನೋಡಿ ಫಲ ಹೇಳುವ ಶಾಸ್ತ್ರದಲ್ಲಿ, ಆಯುರೇಖೆ ಎಂದರೆ ಕಿರುಬೆರಳ ಕೆಳಗೆ, ಅಂಗೈಯ ಅಂಚಿನಿಂದ ಹೊರಟು ತೋರುಬೆರಳ ಕಡೆ ಹೋಗುವ ಅಡ್ಡಗೆರೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯ ಪುರುಷಲಕ್ಷಣದಲ್ಲಿ ಹೇಳುವುದೂ ಇದನ್ನೇ: ಗೆರೆ ಪ್ರದೇಶಿನಿಯನ್ನು, ಅಂದರೆ ತೋರುಬೆರಳನ್ನು, ಮುಟ್ಟಿದರೆ ನೂರು ವರ್ಷ, ಮೊಟಕಾಗಿದ್ದರೆ ಅದಕ್ಕೆ ತಕ್ಕ ಹಾಗೆ ಲೆಕ್ಕ ಹಾಕಿಕೊಳ್ಳಬೇಕು, ತುಂಡಾಗಿದ್ದರೆ ಮರದಿಂದ ಬೀಳುವ ಯೋಗ. (ತೆಂಗು, ಅಡಿಕೆ ಮರ ಹತ್ತುವವರ ನಾಡಿನಲ್ಲಿ ಈ ಮಾತನ್ನು ಯಾರೂ ತಮಾಷೆಯಾಗಿ ತೆಗೆದುಕೊಂಡಿರಲಾರರು.) ಆ ಗೆರೆಯ ಕೆಳಗಿನ ಅಡ್ಡಗೆರೆಗೆ ಮಾತೃರೇಖೆ, ಹೆಬ್ಬೆರಳ ದಿಬ್ಬವನ್ನು ಬಳಸಿ ಮಣಿಕಟ್ಟಿಗೆ ಇಳಿಯುವುದಕ್ಕೆ ಪಿತೃರೇಖೆ ಎಂಬ ಹೆಸರುಗಳು ಬಳಕೆಯಲ್ಲಿವೆ.

ಯುರೋಪಿನ ಕೈನೋಟದಲ್ಲಿ ಇವೇ ಮೂರು ಗೆರೆಗಳಿಗೆ ಬೇರೆ ನಾಮಕರಣ: ಮೇಲಿನದು ಹೃದಯ, ನಡುವಿನದು ತಲೆ, ಹೆಬ್ಬೆರಳ ಸುತ್ತಿನದು ಜೀವ. 19ನೇ ಶತಮಾನದ ಫ್ರಾನ್ಸಿನಲ್ಲಿ ದಾರ್ಪಾಂತಿನ್ಯಿ, ದೆಬಾರೋಲ್ ಮೊದಲಾದವರು ಕೈಯ ಆಕಾರಕ್ಕೂ ಸ್ವಭಾವಕ್ಕೂ ಗಂಟು ಹಾಕಿದರು. ಆಮೇಲೆ ಕೀರೋ ಎಂಬ ಹೆಸರಿನಲ್ಲಿ ಬರೆದ ವಿಲಿಯಂ ಜಾನ್ ವಾರ್ನರ್ (1866–1936) ಅದನ್ನು ಮನೆಮಾತಾಗಿಸಿದ. ನಮ್ಮ ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ಸಿಗುವ ಕಿರುಪುಸ್ತಕಗಳಲ್ಲಿ ಎರಡೂ ಪದ್ಧತಿ ಬೆರೆತಿರುತ್ತವೆ. ‘ಲೈಫ್ ಲೈನ್’ ಆಯುಷ್ಯರೇಖೆಯಾದಾಗ ಆ ಹೆಸರು ಬೆರಳ ಬುಡದಿಂದ ಹೆಬ್ಬೆರಳಿಗೆ ಇಳಿದುಬಿಟ್ಟಿತು. ಖಾಲಿಯಾದ ಜಾಗಕ್ಕೆ ‘ಹೃದಯರೇಖೆ’ ಬಂದು ಕೂತಿತು.

ನಿಮ್ಮ ಲೇಖನಕ್ಕೆ ಇದು ಬರಿ ಪದದ ಪ್ರಶ್ನೆಯಲ್ಲ. ಒಂದೇ ಗೆರೆ ಇಲ್ಲಿ ಎಷ್ಟು ವರ್ಷ ಬದುಕುತ್ತೀರಿ ಎಂದು ಹೇಳುತ್ತದೆ, ಅಲ್ಲಿ ಎಷ್ಟು ಪ್ರೀತಿಸುತ್ತೀರಿ ಎಂದು. ಗೆರೆಯೊಳಗೇ ಅರ್ಥ ಇದ್ದಿದ್ದರೆ ಇಷ್ಟು ದೂರದ ಎರಡು ಓದು ಹುಟ್ಟುತ್ತಿರಲಿಲ್ಲ. ಆದ್ದರಿಂದ ಯುರೋಪಿನ ಮಾತು ಬಂದ ಕಡೆ ಜೀವನರೇಖೆ, ಬುದ್ಧಿರೇಖೆ, ಹೃದಯರೇಖೆ ಎನ್ನಿ. ಆಯುರೇಖೆಯನ್ನು ಸಾಮುದ್ರಿಕಕ್ಕೆ ಬಿಡಿ. ಮೊದಲ ಸಲ ಬಂದಾಗ ಗೆರೆ ಎಲ್ಲಿದೆ ಎಂದು ಅರ್ಧ ಸಾಲಿನಲ್ಲಿ ತಿಳಿಸಿದರೆ ಗೊಂದಲವೇ ಇರದು.

ಗೆರೆ–ರೇಖೆಯ ಬಗ್ಗೆ: ಕಣ್ಣಿಗೆ ಕಾಣುವುದು ಗೆರೆ, ಅದಕ್ಕೆ ಫಲ ಹಚ್ಚಿದ ಕೂಡಲೇ ರೇಖೆ. ಬಳಕೆಯಲ್ಲಿ ಈಗಾಗಲೇ ಹೀಗೆಯೇ ಇದೆ; ‘ಧನಗೆರೆ’ ಎಂದು ಯಾರೂ ಹೇಳುವುದಿಲ್ಲ. ಈ ವ್ಯತ್ಯಾಸವನ್ನು ಲೇಖನದ ಉದ್ದಕ್ಕೂ ಉಳಿಸಿಕೊಂಡರೆ ಯಾವುದು ಶರೀರದ ಸಂಗತಿ, ಯಾವುದು ನಂಬಿಕೆ ಎಂದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಸುಕ್ಕು ಮುಪ್ಪಿನದು, ನೆರಿಗೆ ಸೀರೆಯದು, ಎರಡೂ ಬೇಡ.

ಉತ್ತರ 2

ಅಂಗರಚನಾಶಾಸ್ತ್ರ ಪಾಠ ಮಾಡುವ ಕಡೆಯಿಂದ ಒಂದೆರಡು ಮಾತು. ‘ಮಡಿಕೆಗೆರೆ’ ಎಂಬುದನ್ನು ನಾನು ಶಿಫಾರಸು ಮಾಡುತ್ತೇನೆ, ಏಕೆಂದರೆ ಗೆರೆ ಏಕಿದೆ ಎಂಬುದೂ ಅದರಲ್ಲೇ ಬರುತ್ತದೆ. ಅಂಗೈ ಚಾಚಿ. ತೋರುಬೆರಳನ್ನು ನೆಟ್ಟಗಿಟ್ಟು ಉಳಿದ ಮೂರು ಬೆರಳನ್ನು ಬುಡದ ಕೀಲಿನಲ್ಲಿ ಮಡಚಿ: ಮೇಲಿನ ಅಡ್ಡಗೆರೆ ಆಳವಾಗುತ್ತದೆ. ಈಗ ತೋರುಬೆರಳನ್ನೂ ಮಡಚಿ: ಕೆಳಗಿನ ಅಡ್ಡಗೆರೆ ಕೂಡಿಕೊಳ್ಳುತ್ತದೆ. ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ತನ್ನಿ: ಸುತ್ತುಗೆರೆ ಮಡಚಿಕೊಳ್ಳುತ್ತದೆ. ಈ ಸಾಲುಗಳಲ್ಲಿ ಚರ್ಮವು ಕೆಳಗಿನ ಗಟ್ಟಿ ಪೊರೆಗೆ ಬಿಗಿಯಾಗಿ ಅಂಟಿದೆ. ಹಾಗಾಗಿ ಮುಷ್ಟಿ ಹಿಡಿದಾಗ ಚರ್ಮ ಗುಪ್ಪೆಯಾಗದೆ ಅಲ್ಲೇ ಮಡಚುತ್ತದೆ. ಗರ್ಭದ ಸುಮಾರು 7ರಿಂದ 13ನೇ ವಾರದೊಳಗೆ ಇವು ಮೂಡುತ್ತವೆ, ಹುಟ್ಟಿದ ಮೇಲಿನ ದುಡಿಮೆಯಿಂದ ಬರುವುದಿಲ್ಲ. ಆಮೇಲೆ ಸಣ್ಣಪುಟ್ಟ ಗೆರೆಗಳು ಕೂಡಬಹುದು, ಮೂರು ಮುಖ್ಯ ಗೆರೆಗಳ ನಕ್ಷೆ ಬದಲಾಗದು.

ಬೆರಳ ತುದಿಯ ಶಂಖ, ಚಕ್ರಗಳು ಇದಲ್ಲ, ಗಮನಿಸಿ. ಅವು ಏಣುಗಳು, ಅಂದರೆ ಚರ್ಮದ ಉಬ್ಬುಗೆರೆಗಳು, ಮಡಿಕೆಗಳಲ್ಲ. ಅವುಗಳ ಅಧ್ಯಯನಕ್ಕೆ 1926ರಲ್ಲಿ ಕಮಿನ್ಸ್ ಮತ್ತು ಮಿಡ್ಲೋ ಕೊಟ್ಟ ಹೆಸರು ಡರ್ಮಟೋಗ್ಲಿಫಿಕ್ಸ್. ಅದು ವಿಜ್ಞಾನದ ಶಾಖೆ. ಮಕ್ಕಳ ಬೆರಳಚ್ಚು ತೆಗೆದು ಬುದ್ಧಿವಂತಿಕೆ, ಓದಿಗೆ ತಕ್ಕ ಕೋರ್ಸು ಎಲ್ಲ ಹೇಳುತ್ತೇವೆ ಎನ್ನುವ ‘ಡಿಎಂಐಟಿ’ ಆ ಹೆಸರಿನ ಬಾಲ ಹಿಡಿದು ಬಂದ ವ್ಯಾಪಾರ; ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಎರಡಕ್ಕೂ ಒಂದೇ ಕನ್ನಡ ಪದ ಕೊಡಬೇಡಿ. ‘ಬೆರಳಚ್ಚು’ ಬಳಸುವಾಗಲೂ ಎಚ್ಚರ, ಟೈಪಿಂಗ್‌ಗೂ ಅದೇ ಪದ.

ಕಪಿರೇಖೆ ಖಂಡಿತ ಬೇಡ. ಇಂಗ್ಲಿಷಿನಲ್ಲೂ ಆ ಹೆಸರನ್ನು ಈಗ ಬಿಡುತ್ತಿದ್ದಾರೆ. ಎರಡು ಅಡ್ಡಗೆರೆ ಇರಬೇಕಾದ ಕಡೆ ಒಂದೇ ಗೆರೆ ಅಂಗೈಯನ್ನು ಈ ಅಂಚಿನಿಂದ ಆ ಅಂಚಿಗೆ ದಾಟುತ್ತದೆ. ‘ಒಂಟಿ ಅಡ್ಡಗೆರೆ’ ಎಂದರೆ ಸಾಕು. ಡೌನ್ ಸಿಂಡ್ರೋಮ್ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದು ಇರುತ್ತದೆ, ಯಾವ ತೊಂದರೆಯೂ ಇಲ್ಲದ ನೂರರಲ್ಲಿ ಕೆಲವರಿಗೂ ಇರುತ್ತದೆ. ಅದೊಂದರಿಂದಲೇ ಯಾವ ವೈದ್ಯರೂ ರೋಗ ನಿರ್ಧರಿಸುವುದಿಲ್ಲ, ವರ್ಣತಂತು ಪರೀಕ್ಷೆ ಬೇಕು. ಅನುವಾದದಲ್ಲಿ ‘ಸೂಚನೆ’ ಎಂಬ ಪದವನ್ನು ‘ಲಕ್ಷಣ’ ಮಾಡಿದರೆ ಅರ್ಥ ಕೆಡುತ್ತದೆ. ಸಾಮುದ್ರಿಕದ ‘ಲಕ್ಷಣ’ಕ್ಕೆ ಫಲದ ವಾಸನೆ ಇದೆ.

ಉತ್ತರ 1ರವರಿಂದ ಮತ್ತೆ

ಡಾಕ್ಟರೇ, ‘ಒಂಟಿ ಅಡ್ಡಗೆರೆ’ ಚೆನ್ನಾಗಿದೆ. ಮನಶ್ಶಾಸ್ತ್ರದ ಭಾಗಕ್ಕೆ ಒಂದು ಸೇರಿಸುತ್ತೇನೆ. 1948ರಲ್ಲಿ ಬರ್ಟ್ರಂಡ್ ಫೋರರ್ 39 ವಿದ್ಯಾರ್ಥಿಗಳಿಗೆ ‘ಇದು ನಿಮ್ಮೊಬ್ಬರದೇ ವ್ಯಕ್ತಿತ್ವ ವಿವರಣೆ’ ಎಂದು ಒಂದೇ ಬರಹ ಹಂಚಿದರು; ಅದು ತಮಗೆ ಎಷ್ಟು ಹೊಂದುತ್ತದೆ ಎಂದು ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಕಾಲೇಜು ದಿನಗಳಲ್ಲಿ ಕೈ ನೋಡುತ್ತಿದ್ದ ಮನಶ್ಶಾಸ್ತ್ರಜ್ಞ ರೇ ಹೈಮನ್, ಬೇಕೆಂದೇ ಗೆರೆ ಹೇಳುವುದಕ್ಕೆ ತದ್ವಿರುದ್ಧವಾಗಿ ಹೇಳಿ ನೋಡಿದರು. ಕೇಳಿದವರು ಅಷ್ಟೇ ಬೆರಗಾದರು. ಎಲ್ಲರಿಗೂ ಹೊಂದುವ ಮಾತನ್ನು ತನ್ನೊಬ್ಬರದೇ ಎಂದು ನಂಬುವ ಇದಕ್ಕೆ ‘ಬಾರ್ನಮ್ ಪರಿಣಾಮ’ ಎಂದೇ ಇರಲಿ. ‘ಪರ್ಸನಾಲಿಟಿ’ಗೆ ವ್ಯಕ್ತಿತ್ವ ಎನ್ನಿ, ಕೈನೋಟದವರ ಬಾಯಲ್ಲಿ ಬಂದಾಗ ಸ್ವಭಾವ ಸಹಜ. ‘ಗುಣ’ ಒಂದನ್ನು ತಪ್ಪಿಸಿ. ನಮ್ಮಲ್ಲಿ ಕೈಗುಣ ಎಂದರೆ ವೈದ್ಯರು, ಸೂಲಗಿತ್ತಿ ಮುಟ್ಟಿದರೆ ವಾಸಿಯಾಗುವ ಬಗೆ, ಗೆರೆಗೆ ಸಂಬಂಧವೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಒಂದು ವಾಕ್ಯ ಹೀಗೆ ಮಾಡಿದ್ದೇನೆ: ‘1990ರಲ್ಲಿ ಬ್ರಿಸ್ಟಲಿನ ವೈದ್ಯರು 100 ಮೃತದೇಹಗಳಲ್ಲಿ ಹೆಬ್ಬೆರಳ ಸುತ್ತಿನ ಗೆರೆಯನ್ನು ಅಳೆದು, ಗೆರೆ ಉದ್ದವಿದ್ದರೆ ಆಯುಷ್ಯ ಹೆಚ್ಚು ಎಂದು ಕಂಡರು.’ ಸರಿಯೇ?

ಉತ್ತರ 2

‘ಗೆರೆಯ ಉದ್ದಕ್ಕೂ ಸತ್ತಾಗಿನ ವಯಸ್ಸಿಗೂ ನಂಟು ಕಂಡರು’ ಎಂದು ಬದಲಿಸಿ. ‘ಉದ್ದವಿದ್ದರೆ ಹೆಚ್ಚು’ ಎಂದರೆ ಗೆರೆಯೇ ಆಯುಷ್ಯ ಕೊಟ್ಟ ಹಾಗಾಗುತ್ತದೆ. ವಯಸ್ಸಾದಂತೆ ಚರ್ಮ ಸಡಿಲಾಗಿ ಮಡಿಕೆ ಉದ್ದವಾಗಿ ಕಾಣಬಹುದು. ಹಾಗಿದ್ದರೆ ಬದುಕಿದ ವರ್ಷಗಳೇ ಗೆರೆಯನ್ನು ಎಳೆದಿವೆ.