ಅಪ್ಪನ ಹಳೆ ಎಂಜಿನ್‌ಗಳಿಗೆ ಯಾವ ಕಂಟ್ರೋಲ್ ಲೈನ್ ವಿಮಾನ ಕಟ್ಟಲಿ? ಅನುಭವ ಇದ್ದವರು ಹೇಳಿ

ಕದ್ರಿ (ಕೇಳಿದವರು): ಅಪ್ಪ ಎನ್‌ಸಿಸಿ ಏರ್ ವಿಂಗ್‌ನಲ್ಲಿ ಇದ್ದವರು. ಅವರ ಪೆಟ್ಟಿಗೆಯಲ್ಲಿ ಮಾದರಿ ವಿಮಾನದ ಮೂರು ಎಂಜಿನ್ ಸಿಕ್ಕಿವೆ: ಫಾಕ್ಸ್ 35 ಸ್ಟಂಟ್, ಎನ್ಯಾ 19, ಮಿಲ್ಸ್ 1.3 ಡೀಸೆಲ್. ಮೂರರಲ್ಲೂ ಕಂಪ್ರೆಶನ್ ಚೆನ್ನಾಗಿ ಉಂಟು. ಕಂಟ್ರೋಲ್ ಲೈನ್ ಅಂದರೆ ಲೈನ್ (ತೆಳು ತಂತಿ) ಹಿಡಿದು ನಮ್ಮ ಸುತ್ತ ಹಾರಿಸುವ ವಿಮಾನ; ಅದಕ್ಕೆ ನನಗೆ ಸಿಗುವ ಶಾಲೆ ಮೈದಾನ ಚಿಕ್ಕದು, ನಡುವಿನಿಂದ ಬೇಲಿಗೆ 16 ಮೀಟರ್. ಈ ವರ್ಷ ಒಂದೇ ವಿಮಾನ ಕಟ್ಟಲು ಸಮಯ ಸಿಗುತ್ತದೆ. ಯಾವುದು?

ಕಾಪು: ಫಾಕ್ಸ್ 35 ಅಂದ ಕೂಡಲೇ ಎಲ್ಲರೂ ನೋಬ್ಲರ್ ಎಂಬ ಕಸರತ್ತಿನ ವಿಮಾನ ಕಟ್ಟಿ ಅನ್ನುತ್ತಾರೆ. ನಾನೂ ಹಾಗೆ ನಂಬಿ ಕಟ್ಟಿದೆ. ಅದನ್ನು ರೂಪಿಸಿದ ಜಾರ್ಜ್ ಆಲ್ಡ್ರಿಚ್ ಹಾರಿಸಿದ್ದು ಇದೇ ಎಂಜಿನ್‌ನಲ್ಲಿ, ಅದು ಸರಿ. ಆದರೆ ಅವರ ವಿಮಾನ ಹಗುರ. ನನಗೆ ಸಿಕ್ಕಿದ ಬಾಲ್ಸಾ ಮರ ಗಟ್ಟಿ, ಭಾರ. ಬಾಲ್ಸಾಗೆ 5,400 ರೂಪಾಯಿ, ಎಂಜಿನ್ ಕೂರಿಸುವ ಮರ, ಪ್ಲೈವುಡ್, ಅಂಟು ಸೇರಿ 1,900, ಡೋಪ್ (ರೆಕ್ಕೆಯ ಹೊದಿಕೆಗೆ ಬಳಿಯುವ ಮೆರುಗೆಣ್ಣೆ) ಮತ್ತು ಥಿನ್ನರ್‌ಗೆ 2,300. ಡೋಪ್ ಹಚ್ಚಿದ್ದು ಜುಲೈಯಲ್ಲಿ. ಆ ಮಳೆಯ ತೇವಕ್ಕೆ ರೆಕ್ಕೆ ಪೂರ್ತಿ ಬೆಳ್ಳಗೆ ಬಿಳಿಚಿತು. ಉಜ್ಜಿದೆ, ಮತ್ತೆ ಹಚ್ಚಿದೆ, ಮತ್ತೆ ಬಿಳಿಚಿತು. ನಾಲ್ಕು ಸಲ. ಪ್ರತಿ ಸಲ ತೂಕ ಏರಿತು. ಕೊನೆಗೆ ತಕ್ಕಡಿಯಲ್ಲಿ 1,480 ಗ್ರಾಂ! 1,150 ದಾಟಬಾರದಿತ್ತು. ಮೂರನೇ ಹಾರಾಟದಲ್ಲಿ ತಲೆ ಮೇಲೆ ಹೋದಾಗ ಲೈನ್ ಸಡಿಲ ಆಯಿತು, ನೇರ ನೆಲಕ್ಕೆ. ಆಮೇಲೆ ಅದೇ ಎಂಜಿನ್‌ಗೆ ರಿಂಗ್‌ಮಾಸ್ಟರ್ ಎಂಬ ವಿಮಾನ ಕಟ್ಟಿದೆ. 42 ಇಂಚು ರೆಕ್ಕೆ, ಹಲಗೆಯಂಥ ಚಪ್ಪಟೆ ಮೈ, ಕಟ್ಟಿದ್ದು ಹನ್ನೊಂದು ದಿನದಲ್ಲಿ. ಇವತ್ತಿಗೂ ಹಾರುತ್ತಿದೆ. ಹಳೆ ಎಂಜಿನ್‌ಗೆ ಹಗುರ ವಿಮಾನವೇ ಬೇಕು, ಬೇರೆ ಮಾತಿಲ್ಲ.

ಸುರತ್ಕಲ್: ನಿಮ್ಮ ಡೋಪ್‌ನ ತಪ್ಪನ್ನು ನೋಬ್ಲರ್ ಮೇಲೆ ಹಾಕಬೇಡಿ ಮಾರಾಯ್ರೇ. ಮಳೆಗಾಲದಲ್ಲಿ ಡೋಪ್ ಹಚ್ಚಬಾರದು ಅಂತ ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಚಪ್ಪಟೆ ಮೈ ಒಳ್ಳೆಯದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅದು ನಡುಗುತ್ತದೆ. ನಡುಗಿದರೆ ಟ್ಯಾಂಕ್‌ನಲ್ಲಿ ಫ್ಯೂಯೆಲ್ ನೊರೆಯಾಗುತ್ತದೆ, ಎಂಜಿನ್ ಫ್ಯೂಯೆಲ್ ಸಾಲದೆ (ಲೀನ್ ಆಗಿ) ಬಿಸಿಯಾಗುತ್ತದೆ. ನನ್ನ ಎನ್ಯಾ 19 ಹಾಗೆಯೇ ಎರಡು ಸಲ ಗಾಳಿಯಲ್ಲಿ ನಿಂತಿತು. ಒಂದು ಸಲ ಲ್ಯಾಂಡಿಂಗ್ ಗಿಯರ್ ಹೋಯಿತು, ಇನ್ನೊಂದು ಸಲ ಪ್ರೊಪೆಲ್ಲರ್, ಸ್ಪಿನ್ನರ್, ಫ್ಯೂಯೆಲ್ ಹೊತ್ತಿಸುವ 650 ರೂಪಾಯಿಯ ಗ್ಲೋ ಪ್ಲಗ್. ಮೂಗಿನ ಎರಡೂ ಬದಿಗೆ ಪ್ಲೈವುಡ್ ಅಂಟಿಸಿ, ಟ್ಯಾಂಕ್ ಹಿಂದೆ ಸ್ಪಂಜ್ ಇಟ್ಟ ಮೇಲೆ ಸರಿಯಾಯಿತು.

ಮಣಿಪಾಲ: ವಿಮಾನದ ಮಾತು ಆಮೇಲೆ. ಮೊದಲು ಫ್ಯೂಯೆಲ್‌ಗೆ ಬೆರೆಸುವ ಎಣ್ಣೆ. ಫಾಕ್ಸ್ 35ರಲ್ಲಿ ಬಾಲ್ ಬೇರಿಂಗ್ ಇಲ್ಲ, ಕಬ್ಬಿಣದ ಪಿಸ್ಟನ್, ರಿಂಗ್ ಇಲ್ಲ. ಅದಕ್ಕೆ ಹರಳೆಣ್ಣೆ ಬೇಕು, ಅದೂ ಧಾರಾಳವಾಗಿ. ನಾನು 28 ಶೇಕಡಾ ಹಾಕುತ್ತೇನೆ. ಮೊದಲ ವರ್ಷ ಹಾಗೆ ಮಾಡಲಿಲ್ಲ. ರೇಡಿಯೋ ವಿಮಾನದವರು ಬಳಸುವ ಸಿಂಥೆಟಿಕ್ ಎಣ್ಣೆಯ ಡಬ್ಬ ತಂದೆ. ಹದಿನೆಂಟು ಟ್ಯಾಂಕ್ ಓಡಿಸಿದ್ದು, ಅಷ್ಟೇ. ಕನೆಕ್ಟಿಂಗ್ ರಾಡ್‌ನ ಕೆಳಗಿನ ತೂತು ಅಂಡಾಕಾರ ಆಗಿತ್ತು, ಪಿಸ್ಟನ್ ಮೇಲೆ ಗೀರು. ಹೊರದೇಶದಿಂದ ಬಿಡಿಭಾಗ ತರಿಸಲು 6,200, ಅದರ ಮೇಲೆ ಕಸ್ಟಮ್ಸ್ 1,750. ಅದು ನನ್ನ ಮಾವ ಕೊಟ್ಟ ಎಂಜಿನ್. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸುರತ್ಕಲ್: 28 ಜಾಸ್ತಿಯಾಯಿತು. ಅರ್ಧ ಹರಳೆಣ್ಣೆ, ಅರ್ಧ ಸಿಂಥೆಟಿಕ್, ಒಟ್ಟು 22 ಸಾಕು. ಬರೀ ಹರಳೆಣ್ಣೆ ಹಾಕಿದರೆ ಸಿಲಿಂಡರ್ ಒಳಗೆ ವಾರ್ನಿಶ್ ಕಟ್ಟುತ್ತದೆ. ಎರಡು ತಿಂಗಳು ಇಟ್ಟರೆ ಅಂಟಿಕೊಂಡು ಬಿಡುತ್ತದೆ.

ಮಣಿಪಾಲ: ಅಂಟಿಕೊಂಡರೆ ಸ್ವಲ್ಪ ಬಿಸಿ ಮಾಡಿದರೆ ಬಿಡುತ್ತದೆ. ಸವೆದ ಲೋಹ ವಾಪಸ್ ಬರುತ್ತದಾ? ನಿಮ್ಮದು ಎನ್ಯಾ, ನನ್ನದು ಫಾಕ್ಸ್. ಒಂದರ ಅಳತೆ ಇನ್ನೊಂದಕ್ಕೆ ಹೇಳಬೇಡಿ.

ಕಾಪು: ನನ್ನದೂ ಫಾಕ್ಸೇ. 25 ಹಾಕುತ್ತೇನೆ, ಆರು ವರ್ಷದಿಂದ ಏನೂ ಆಗಿಲ್ಲ.

ಕುಂದಾಪುರ: ನಾನು ಡೀಸೆಲ್‌ನವನು. ಗ್ಲೋ ಪ್ಲಗ್ ಬೇಡ, ಬ್ಯಾಟರಿ ಬೇಡ, ಫ್ಯೂಯೆಲ್‌ಗೆ ನೈಟ್ರೋಮೀಥೇನ್ ಬೇಡ. ಸೀಮೆಎಣ್ಣೆ, ಹರಳೆಣ್ಣೆ, ಈಥರ್, ಮೂರೂ ಸಮಪಾಲು. ಕಷ್ಟ ಇರುವುದು ಈಥರ್‌ನಲ್ಲಿ. ಅದಕ್ಕಾಗಿ ಐದು ತಿಂಗಳು ಅಲೆದಿದ್ದೇನೆ. ಅದು ಗಾಳಿಗೆ ಹಾರಿಹೋಗುತ್ತದೆ, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆ ಹತ್ತಿರವೂ ತರಬಾರದು. ಮನೆಯವರು ಈಗ ಬಾಟ್ಲಿಗಳನ್ನು ಹೊರಗಿನ ಕೊಟ್ಟಿಗೆಗೆ ಹಾಕಿಸಿದ್ದಾರೆ, ಒಳ್ಳೆಯದೇ ಆಯಿತು.

ಎಂಜಿನ್ ಹಾಳು ಮಾಡಿಕೊಂಡದ್ದನ್ನೂ ಹೇಳುತ್ತೇನೆ. ಸ್ಟಾರ್ಟ್ ಮಾಡುವ ಮೊದಲು ಎಂಜಿನ್ ಒಳಗೆ ಫ್ಯೂಯೆಲ್ ಹನಿಸಲು ಹೋಗಿ ಜಾಸ್ತಿ ಸುರಿದೆ. ಪಿಸ್ಟನ್ ಮೇಲೆ ಫ್ಯೂಯೆಲ್ ತುಂಬಿತ್ತು. ಕೈಗೆ ಗಟ್ಟಿ ಅನಿಸಿತು, ಕಂಪ್ರೆಶನ್ ಅಂದುಕೊಂಡು ಬಲ ಹಾಕಿ ತಿರುಗಿಸಿದೆ. ರಾಡ್ ಬಾಗಿತು. ಲೇತ್‌ನವರಿಗೆ 1,200 ಕೊಟ್ಟು ಹೊಸದು ಮಾಡಿಸಿದೆ. ಗಟ್ಟಿ ಅನಿಸಿದರೆ ಮೇಲಿನ ಕಂಪ್ರೆಶನ್ ಸ್ಕ್ರೂ ಹಿಂದೆ ತಿರುಗಿಸಿ, ವಿಮಾನ ಕವುಚಿ ಹಾಕಿ, ಎಣ್ಣೆ ಹೊರಗೆ ಹೋಗಲಿ.

ಪಣಂಬೂರು: ನಾನು ಬೀಚ್‌ನಲ್ಲೇ ಹಾರಿಸುತ್ತೇನೆ. ಬೆಳಿಗ್ಗೆ ಗಾಳಿ ಒಂದೇ ಸಮ ಇರುತ್ತದೆ, ಜಾಗಕ್ಕೆ ಬರ ಇಲ್ಲ.

ಮಣಿಪಾಲ: ಮರಳಿನಲ್ಲಾ? ಒಂದು ಕಾಳು ಮರಳು ಕಾರ್ಬ್ಯುರೇಟರ್ ಒಳಗೆ ಹೋದರೆ ಹಳೆ ಎಂಜಿನ್ ಮುಗಿಯಿತು. ಇದನ್ನು ಹೊಸಬರಿಗೆ ಹೇಳಿಕೊಡಬೇಡಿ!

ಪಣಂಬೂರು: ತಾರ್ಪಾಲ್ ಹಾಸಿ ಸ್ಟಾರ್ಟ್ ಮಾಡುತ್ತೇನೆ. ಒಂಬತ್ತು ವರ್ಷ ಆಯಿತು. ನೀವು ಎಷ್ಟು ಸಲ ಬಂದು ನೋಡಿದ್ದೀರಿ? ನೀವೆಲ್ಲ ಮೈದಾನ ಅನ್ನುತ್ತೀರಿ, ಅಲ್ಲಿ ಮೇಲೆ ಕರೆಂಟ್ ತಂತಿ ಹೋಗುವುದನ್ನು ಯಾರೂ ಹೇಳುವುದಿಲ್ಲ. ನಮ್ಮ ಲೈನ್ ಸ್ಟೀಲ್. ತಂತಿಗೆ ತಾಗಿದರೆ ಹ್ಯಾಂಡಲ್ ಹಿಡಿದವರ ಜೀವವೇ ಹೋಗುತ್ತದೆ. ಮರಳಿಗೆ ಹೆದರುವ ಮೊದಲು ಅದಕ್ಕೆ ಹೆದರಿ.

ಕಾಪು: ಈ ಮಾತು ನೂರಕ್ಕೆ ನೂರು ಸರಿ. ಕಂಬ ಕಂಡರೆ ನಾನು ಗಾಡಿಯಿಂದ ಪೆಟ್ಟಿಗೆಯನ್ನೇ ಇಳಿಸುವುದಿಲ್ಲ.

ಕದ್ರಿ (ಕೇಳಿದವರು): ಎಲ್ಲರಿಗೂ ಧನ್ಯವಾದ. ನಮ್ಮಲ್ಲಿ ತಂತಿ ಇಲ್ಲ, ನೋಡಿ ಬಂದೆ. ಆದರೆ 16 ಮೀಟರ್ ಅಂತ ಬರೆದಿದ್ದೆ. ಫಾಕ್ಸ್‌ಗೆ ಲೈನ್ ಎಷ್ಟು ಉದ್ದ ಬೇಕು?

ಸುರತ್ಕಲ್: 18 ಮೀಟರ್. ಕಡಿಮೆ ಇಟ್ಟರೆ ಸುತ್ತು ತೀರಾ ಬೇಗ ಆಗುತ್ತದೆ, ತಲೆ ತಿರುಗುತ್ತದೆ. ಎನ್ಯಾಗೆ 15-16. ನಿಮ್ಮ ಮೈದಾನದಲ್ಲಿ ರೆಕ್ಕೆ ಬೇಲಿಗೆ ತಾಗುತ್ತದೆ.

ಕುಂದಾಪುರ: ಹಾಗಾದರೆ ಮಿಲ್ಸ್ ಅಲ್ವಾ? 11 ಮೀಟರ್ ಲೈನ್ ಸಾಕು. 75 ಸೆಂಟಿಮೀಟರ್ ರೆಕ್ಕೆ, ಚಪ್ಪಟೆ ಮೈ, 300 ಗ್ರಾಂ ಒಳಗೆ ಮುಗಿಸಿ. ಆ ಎಂಜಿನ್ ನಿಧಾನದ್ದು, ದೊಡ್ಡ ಪ್ರೊಪೆಲ್ಲರ್ ಇಡಿ. ಡೋಪ್ ಡಿಸೆಂಬರ್‌ನಲ್ಲೇ ಹಚ್ಚಿ. ಡೀಸೆಲ್ ಫ್ಯೂಯೆಲ್ ನಾನು ಕೊಡುತ್ತೇನೆ, ಕೊಟ್ಟಿಗೆಯಲ್ಲಿ ಅರ್ಧ ಲೀಟರ್ ಉಂಟು.

ಮಣಿಪಾಲ: ಫಾಕ್ಸ್ ಒಳಗೆ ಹರಳೆಣ್ಣೆ ಹನಿಸಿ ಬಟ್ಟೆ ಸುತ್ತಿ ಇಡಿ, ಅದಾದರೂ ಮಾಡಿ.