5 ಎಚ್‌ಪಿ ಬೋರ್‌ವೆಲ್ ಮೋಟಾರ್: ಸ್ಟಾರ್ಟಿಂಗ್ ಕರೆಂಟ್ ಅಳೆಯುವುದು ಹೇಗೆ?

ಪ್ರಶ್ನೆ
ಮೂರು ಫೇಸ್ 5 ಎಚ್‌ಪಿ ಸಬ್‌ಮರ್ಸಿಬಲ್, ಡಿಒಎಲ್ ಸ್ಟಾರ್ಟರ್ (ಮೋಟಾರಿಗೆ ಪೂರ್ತಿ ಲೈನ್ ವೋಲ್ಟೇಜನ್ನು ನೇರವಾಗಿ ಕೊಡುವಂಥದ್ದು). ನೇಮ್‌ಪ್ಲೇಟ್‌ನಲ್ಲಿ 8.5 ಆಂಪ್ಸ್, ಓಡುವಾಗ ಮೀಟರ್ 8 ತೋರಿಸುತ್ತದೆ. ಆದರೆ ಹಸಿರು ಬಟನ್ ಒತ್ತಿದ ಕೂಡಲೇ ಬಿ-16 ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ 16 ಆಂಪ್ಸ್ ಸ್ವಿಚ್) ಆಗಾಗ ಬೀಳುತ್ತದೆ. ವೈರಿನ ಸುತ್ತ ದವಡೆ ಹಾಕಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಮ್ಯಾಕ್ಸ್‌ನಲ್ಲಿಟ್ಟರೆ ಒಮ್ಮೆ 19, ಇನ್ನೊಮ್ಮೆ 31. ಯಾವುದನ್ನು ನಂಬಬೇಕು? ಇನ್‌ರಶ್ ಅನ್ನುವ ಬಟನ್ನೂ ಇದೆ.

ಉತ್ತರ 1
ಎರಡನ್ನೂ ನಂಬಬೇಡಿ. ಸಾಮಾನ್ಯ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಹೊಸ ರೀಡಿಂಗ್ ಕೊಡುತ್ತದೆ. ಅಷ್ಟರಲ್ಲಿ ಸಬ್‌ಮರ್ಸಿಬಲ್ ಸ್ಪೀಡ್ ಹಿಡಿದಿರುತ್ತದೆ. ಇನ್‌ರಶ್ ಮೋಡ್ ಕರೆಂಟ್ ಏರಿದ ಕ್ಷಣದಿಂದಲೇ ಅಳೆಯಲು ಶುರುಮಾಡಿ, ಬಹಳಷ್ಟು ಮೀಟರ್‌ಗಳಲ್ಲಿ ಮೊದಲ 100 ಮಿಲಿಸೆಕೆಂಡಿನ ಆರ್‌ಎಂಎಸ್ (ಏರಿಳಿಯುವ ಕರೆಂಟಿನ ಒಂದು ಬಗೆಯ ಸರಾಸರಿ) ಹಿಡಿದಿಡುತ್ತದೆ.

ಮೇನ್ ಆಫ್ ಮಾಡಿ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೋಟಾರಿಗೆ ಹೋಗುವ ಕೆಂಪು ವೈರ್ ಒಂದಕ್ಕೇ ದವಡೆ ಹಾಕಿ. ಮೂರು ಕೋರ್ ಕೇಬಲ್ಲಿನ ಸುತ್ತ ಹಾಕಿದರೆ ಮೂರೂ ಕರೆಂಟ್ ಕಳೆದು ಸೊನ್ನೆಯ ಹತ್ತಿರ ತೋರಿಸುತ್ತದೆ. ದವಡೆಯ ತುದಿಯಲ್ಲಿ ಧೂಳಿದ್ದರೆ ಒರೆಸಿ, ಕೂದಲೆಳೆಯಷ್ಟು ಸಂದಿ ಉಳಿದರೂ ರೀಡಿಂಗ್ ಕಡಿಮೆ ಬರುತ್ತದೆ. ರೇಂಜ್ ಕೈಯಿಂದಲೇ 100 ಆಂಪ್ಸ್‌ಗಿಂತ ಮೇಲಿಡಿ. ಇನ್‌ರಶ್ ಒತ್ತಿ, ಪರದೆಯಲ್ಲಿ ಗೆರೆಗಳು ಬಂದಮೇಲೆ ಪವರ್ ಕೊಟ್ಟು ಮೋಟಾರ್ ಹಾಕಿ. ಹಳದಿ, ನೀಲಿಗೂ ಹೀಗೇ.

ನಿಲ್ಲಿಸಿದ ಕೂಡಲೇ ಮತ್ತೆ ಹಾಕಬೇಡಿ. ಪೈಪಿನ ನೀರು ಇಳಿಯುವಾಗ ಪಂಪ್ ಹಿಂದಕ್ಕೆ ತಿರುಗುತ್ತಿರಬಹುದು, ಆಗ ಸ್ಟಾರ್ಟ್ ಕೊಟ್ಟರೆ ಶಾಫ್ಟ್ ಮುರಿಯಬಹುದು. 10 ನಿಮಿಷ ಬಿಡಿ.

ಉತ್ತರ 2
ಮೇಲಿನವರು ಹೇಳಿದ್ದು ಸರಿ, ಆದರೆ ಎಂಸಿಬಿ ಬೀಳುವ ಕಾರಣ ಆ 100 ಮಿಲಿಸೆಕೆಂಡಿನ ಸರಾಸರಿಯಲ್ಲಿ ಪೂರ್ತಿ ಕಾಣುವುದಿಲ್ಲ. ಡಿಒಎಲ್‌ನಲ್ಲಿ 8.5ರ ಆರು ಪಟ್ಟು ಅಂದರೂ 51 ಆಂಪ್ಸ್, ಅದರ ಪೀಕ್ 72. ವೋಲ್ಟೇಜ್ ಅಲೆ ಸೊನ್ನೆ ದಾಟುವ ಹೊತ್ತಿಗೆ ಕಾಂಟ್ಯಾಕ್ಟರ್ (ಸ್ಟಾರ್ಟರಿನೊಳಗೆ ಮೋಟಾರಿಗೆ ಪವರ್ ಸೇರಿಸುವ ಸ್ವಿಚ್) ಸೇರಿದರೆ ಮೊದಲ ಅರ್ಧ ಸೈಕಲ್ ಇನ್ನೂ ಮೇಲೇರುತ್ತದೆ. ಬಿ ಕರ್ವ್ (ಬಿ ಬಗೆಯ ಎಂಸಿಬಿ) ತನ್ನ 16 ಆಂಪ್ಸ್‌ನ 3ರಿಂದ 5 ಪಟ್ಟಿಗೆ, ಅಂದರೆ 48ರಿಂದ 80ರೊಳಗೆ ತಕ್ಷಣ ಬೀಳುತ್ತದೆ. ಪ್ರತಿ ಸಲ ಕಾಂಟ್ಯಾಕ್ಟರ್ ಸೇರುವ ಕ್ಷಣ ಬೇರೆಯಾದ್ದರಿಂದ "ಆಗಾಗ" ಬೀಳುತ್ತದೆ. ಸಿ-16 ಹಾಕಿ, ಅದು 80ರಿಂದ 160. ಓವರ್‌ಲೋಡ್ ಕಾಯುವುದು ಸ್ಟಾರ್ಟರಿನ ರಿಲೇ, ಅದನ್ನು 8.5ಕ್ಕೇ ಇಡಿ. ಎಂಸಿಬಿ ಬೀಳುತ್ತದೆಂದು ರಿಲೇ ತಿರುಗಿಸುವುದು ತಪ್ಪು.

ಉತ್ತರ 3
ಅಳೆಯುವಾಗ ಇನ್ನೊಂದು ಮೀಟರಿನಲ್ಲಿ ವೋಲ್ಟೇಜೂ ನೋಡಿ. ಸ್ಟಾರ್ಟ್ ಹೊತ್ತಿಗೆ 415 ಇದ್ದದ್ದು 340ಕ್ಕೆ ಕುಸಿದರೆ ಕರೆಂಟೂ ಅದೇ ಪ್ರಮಾಣದಲ್ಲಿ ಕಡಿಮೆ ಕಾಣುತ್ತದೆ. ಆ ಸಂಖ್ಯೆ ನೋಡಿ ಎಂಸಿಬಿ ಆರಿಸಿದರೆ, ಲೈನ್ ಚೆನ್ನಾಗಿರುವ ರಾತ್ರಿ ಮತ್ತೆ ಬೀಳುತ್ತದೆ. ಟಾರ್ಕ್ ವೋಲ್ಟೇಜಿನ ವರ್ಗದಷ್ಟು ಇಳಿಯುವುದರಿಂದ ಮೋಟಾರ್ ಸ್ಪೀಡ್ ಹಿಡಿಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಸಾಮಾನ್ಯ ಆಂಪ್ಸ್ ಮೋಡಿನಲ್ಲೂ ಒಮ್ಮೆ ನೋಡಿ. ಒಂದೆರಡು ಸೆಕೆಂಡಿನಲ್ಲಿ 8ಕ್ಕೆ ಇಳಿಯಬೇಕು. 40–50ರಲ್ಲೇ ನಿಂತರೆ ತಕ್ಷಣ ಆಫ್ ಮಾಡಿ, ಪಂಪಿನಲ್ಲಿ ಮರಳು ಸಿಕ್ಕಿರಬಹುದು. ಒಂದು ಫೇಸಿನಲ್ಲಿ ಸೊನ್ನೆ ಬಂದು ಉಳಿದೆರಡು ಏರಿದ್ದರೆ ಫ್ಯೂಸ್ ಅಥವಾ ಕೇಬಲ್ ಜಾಯಿಂಟ್ ಹೋಗಿರುತ್ತದೆ.